ಈಜೆಬೆಲಳು ಗಂಡನಿಗೆ ದ್ರೋಹ ಮಾಡಿದಳೇ?

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಇತ್ತೀಚೆಗೆ ದಾಂಪತ್ಯದ ನಿಷ್ಠೆಯನ್ನು ಕುರಿತು ಒಂದು ಪ್ರಸಂಗ (ಪ್ರವಚನ) ನಡೆಯಿತು. ಗಂಡನಿಗೆ ನಿಷ್ಠಳಲ್ಲದ ಹೆಣ್ಣಿಗೆ ಉದಾಹರಣೆಯಾಗಿ ಈಜೆಬೆಲಳ ಹೆಸರನ್ನು ಎರಡು ಮೂರು ಸಲ ಎತ್ತಿದರು. ಮನೆಗೆ ಬಂದು ಸತ್ಯವೇದದ (ಬೈಬಲಿನ) ಅರಸುಗಳು ಗ್ರಂಥವನ್ನು ತೆರೆದು ಓದಿದೆ. ಅವಳು ಪ್ರವಾದಿಗಳನ್ನು ಕೊಲ್ಲಿಸಿದ್ದು ಸಿಕ್ಕಿತು, ನಾಬೋತನನ್ನು ಕೊಲ್ಲಿಸಿದ್ದು ಸಿಕ್ಕಿತು. ಆದರೆ ಗಂಡನನ್ನು ಬಿಟ್ಟು ಬೇರೊಬ್ಬನ ಕಡೆ ಕಣ್ಣೆತ್ತಿ ನೋಡಿದ್ದು ಎಲ್ಲಿಯೂ ಸಿಗಲಿಲ್ಲ. ನಾನು ಓದಿದ್ದರಲ್ಲಿ ಏನಾದರೂ ಬಿಟ್ಟುಹೋಯಿತೇ? ಅವಳ ಗಂಡನಾದ ಇಸ್ರಾಯೇಲಿನ ಅರಸ ಅಹಾಬನಿಗೂ ಅವಳಿಗೂ ನಡುವೆ ಪ್ರೀತಿ ಎಂಬುದೊಂದು ಇತ್ತೇ, ಅಥವಾ ಅದು ಬರೀ ರಾಜಕೀಯದ ಮದುವೆಯೇ?

ಉತ್ತರ: ನೀವು ಓದಿದ್ದರಲ್ಲಿ ಏನೂ ಬಿಟ್ಟುಹೋಗಿಲ್ಲ. ಈಜೆಬೆಲಳು ಗಂಡನಿಗೆ ವಂಚಿಸಿದಳೆಂದು ಅರಸುಗಳು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಆ ಗ್ರಂಥದ ಮೊದಲ ಭಾಗದ 16ನೆಯ ಅಧ್ಯಾಯದಲ್ಲಿ ಅವಳು ಮದುವಣಗಿತ್ತಿಯಾಗಿ ಬರುತ್ತಾಳೆ, ಎರಡನೆಯ ಭಾಗದ 9ನೆಯ ಅಧ್ಯಾಯದಲ್ಲಿ ಸಾಯುತ್ತಾಳೆ. ಇವೆರಡರ ನಡುವೆ ಅವಳ ಮೇಲೆ ಹೊರಿಸಿರುವ ಆರೋಪಗಳು ಒಂದೆರಡಲ್ಲ: ಯೆಹೋವನ ಪ್ರವಾದಿಗಳನ್ನು ಕೊಲ್ಲಿಸಿದಳು, ಬಾಳನ ಮತ್ತು ಅಶೇರ ದೇವತೆಯ ನೂರಾರು ಪ್ರವಾದಿಗಳಿಗೆ ಅರಮನೆಯ ಪಂಕ್ತಿಯಲ್ಲಿ ಊಟ ಹಾಕಿದಳು, ಯೆಹೋವನ ಪ್ರವಾದಿ ಎಲೀಯನ ಪ್ರಾಣ ತೆಗೆಯುವುದಾಗಿ ಆಣೆಯಿಟ್ಟಳು, ಸುಳ್ಳು ಸಾಕ್ಷಿ ಹೂಡಿ ನಿರಪರಾಧಿಯೊಬ್ಬನಿಗೆ ಕಲ್ಲೆಸೆತದ ಮರಣ ತಂದಳು. ಇದನ್ನು ಬರೆದವರಿಗೆ ಅವಳ ಮೇಲೆ ಎಳ್ಳಷ್ಟೂ ಕನಿಕರವಿರಲಿಲ್ಲ. ಅವಳ ನಡತೆಯ ಬಗ್ಗೆ ಗುಸುಗುಸು ಮಾತೊಂದು ಅವರ ಕಿವಿಗೆ ಬಿದ್ದಿದ್ದರೂ ಅದನ್ನು ಸುಮ್ಮನೆ ಬಿಡುತ್ತಿದ್ದವರಲ್ಲ. ಇಷ್ಟು ಕಟುವಾದ ಎದುರಾಳಿ ಕೂಡ ಹೊರಿಸದ ಆರೋಪವನ್ನು ಸುಮಾರು 2,800 ವರ್ಷಗಳ ನಂತರ ನಾವು ಹೊರಿಸುತ್ತಿದ್ದೇವೆಂದರೆ, ಅದು ಎಲ್ಲಿಂದ ಬಂತೆಂದು ಮೊದಲು ನೋಡಬೇಕು.

ಅದಕ್ಕೆ ಆಧಾರವಾಗಿ ತೋರಿಸುವ ವಚನ ಒಂದೇ ಒಂದು. ಸೇನಾಧಿಪತಿ ಯೇಹು ದಂಗೆಯೆದ್ದು ರಥವನ್ನು ಓಡಿಸಿಕೊಂಡು ಇಜ್ರೇಲಿಗೆ ಬರುವಾಗ ಈಜೆಬೆಲಳ ಮಗ ಯೆಹೋರಾಮನು ಎದುರುಗೊಂಡು, "ಶುಭವೇ?" ಎಂದು ಕೇಳುತ್ತಾನೆ. "ನಿನ್ನ ತಾಯಿಯ ಜಾರತ್ವವೂ ಮಾಟಮಂತ್ರವೂ ಇಷ್ಟು ಹೆಚ್ಚಿರುವಾಗ ಶುಭವೆಲ್ಲಿಯದು?" ಎಂಬರ್ಥದ ಮಾತಿನಲ್ಲಿ ಯೇಹು ಉತ್ತರಿಸುತ್ತಾನೆ. ಇಲ್ಲಿ ಮೂಲ ಹೀಬ್ರೂವಿನಲ್ಲಿರುವ ಪದ 'ಜೆನೂನೀಮ್'. ಹೋಶೇಯನ ಪ್ರವಾದನೆಯ ಮೊದಲ ಅಧ್ಯಾಯದಲ್ಲಿ ಇಡೀ ದೇಶ ಯೆಹೋವನನ್ನು ಬಿಟ್ಟು ಹೋದದ್ದನ್ನು ಹೇಳುವಾಗ ಬರುವುದೂ ಇದೇ ಪದ. ವಿಮೋಚನಕಾಂಡದ 34ನೆಯ ಅಧ್ಯಾಯವು ಕಾನಾನಿನ ದೇವರುಗಳ ಹಿಂದೆ ಹೋಗಬಾರದೆಂದು ಎಚ್ಚರಿಸುವಾಗಲೂ ಇದೇ ಧಾತುವನ್ನು ಬಳಸುತ್ತದೆ. ಇಸ್ರಾಯೇಲು ಯೆಹೋವನ ಹೆಂಡತಿ, ಬೇರೆ ದೇವರ ಪೂಜೆ ಆ ದಾಂಪತ್ಯಕ್ಕೆ ಬಗೆದ ದ್ರೋಹ ಎಂಬ ರೂಪಕದಿಂದ ಹುಟ್ಟಿದ ಬಳಕೆ ಇದು. ಯೇಹು ಆ ಮಾತನ್ನಾಡಿದಾಗ ಅಹಾಬನು ಸತ್ತು ಹತ್ತು ವರ್ಷಗಳ ಮೇಲಾಗಿತ್ತು. ಯೇಹುವಿನ ಸಿಟ್ಟು ಬಾಳನ ಗುಡಿಯ ಮೇಲೆ, ವಯಸ್ಸಾದ ವಿಧವೆ ರಾಣಿಯ ಅಂತಃಪುರದ ಮೇಲಲ್ಲ.

ರೂಪಕವನ್ನು ಅಕ್ಷರಶಃ ತೆಗೆದುಕೊಂಡದ್ದು ಆಮೇಲಿನವರು. ಪ್ರಕಟನೆ ಗ್ರಂಥದ 2ನೆಯ ಅಧ್ಯಾಯದಲ್ಲಿ, ಥುವತೈರ ಪಟ್ಟಣದ ಸಭೆಗೆ ಬರೆದ ಪತ್ರದಲ್ಲಿ, ತನ್ನನ್ನು ಪ್ರವಾದಿನಿ ಎಂದು ಕರೆದುಕೊಂಡು ಜಾರತ್ವವನ್ನು ಕಲಿಸುವ ಹೆಂಗಸೊಬ್ಬಳಿಗೆ ಈಜೆಬೆಲ್ ಎಂಬ ಹೆಸರನ್ನು ಬಯ್ಗುಳದಂತೆ ಇಟ್ಟಿದೆ. ಅಲ್ಲಿಂದ ಆ ಹೆಸರಿಗೆ ತನ್ನದೇ ಒಂದು ಜೀವನ ಶುರುವಾಯಿತು. ಗುಲಾಮಗಿರಿಯ ಕಾಲದ ಅಮೆರಿಕದಲ್ಲಿ ಕಪ್ಪು ಹೆಣ್ಣಾಳುಗಳನ್ನು ಕಾಮುಕಿಯರೆಂದು ಹೀಗಳೆಯಲು ಇದೇ ಹೆಸರು ಬಳಕೆಯಾಯಿತು. ನಮ್ಮ ಕಡೆಯ ಪ್ರಸಂಗಗಳಲ್ಲಿಯೂ 'ಈಜೆಬೆಲಳ ಆತ್ಮ' ಎಂಬ ಮಾತು ಕಿವಿಗೆ ಬೀಳುತ್ತದೆ, ಬಹುಮಟ್ಟಿಗೆ ಅಲಂಕಾರ ಮಾಡಿಕೊಳ್ಳುವ ಅಥವಾ ಎದುರು ಮಾತನಾಡುವ ಹೆಣ್ಣುಮಕ್ಕಳನ್ನು ಉದ್ದೇಶಿಸಿ. ಅವಳು ಸಾಯುವ ದಿನ ಮಾಡಿಕೊಂಡ ಅಲಂಕಾರವೂ ಇದಕ್ಕೆ ಸಾಕ್ಷಿಯಾಗಿ ಬರುತ್ತದೆ. 1611ರ ಇಂಗ್ಲಿಷ್ ಅನುವಾದ ಅವಳು ಮುಖಕ್ಕೆ ಬಣ್ಣ ಬಳಿದುಕೊಂಡಳು ಎನ್ನುತ್ತದೆ. ಹೀಬ್ರೂವಿನಲ್ಲಿರುವುದು ಕಣ್ಣಿಗೆ 'ಪೂಕ್' ಹಚ್ಚಿಕೊಂಡಳು, ತಲೆ ಬಾಚಿ ಸಿಂಗರಿಸಿಕೊಂಡಳು ಎಂದಷ್ಟೆ. ಪೂಕ್ ಎಂದರೆ ಕಪ್ಪು ಅಂಜನದ ಪುಡಿ. ಕಾಡಿಗೆ ಹಚ್ಚಿಕೊಂಡಳು ಎಂದರೆ ಕನ್ನಡದ ಓದುಗರಲ್ಲಿ ಯಾರಿಗೂ ಹುಬ್ಬು ಮೇಲೇರಬೇಕಾಗಿಲ್ಲ. ಇಂಗ್ಲಿಷಿನ ದಾರಿಯಾಗಿ ಬಂದ ಆ ಬಣ್ಣವನ್ನು ನಾವು ಅನಾವಶ್ಯಕವಾಗಿ ಹೊತ್ತುಕೊಂಡು ತಿರುಗುತ್ತಿದ್ದೇವೆ ಎಂದು ನನಗೆ ಅನೇಕ ಸಲ ಅನಿಸಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಮದುವೆ ರಾಜಕೀಯದ್ದೇ, ಅದರಲ್ಲಿ ಸಂಶಯವಿಲ್ಲ. ಅಹಾಬನ ತಂದೆ ಒಮ್ರಿ ಹುಟ್ಟಿನಿಂದ ಅರಸುಮಗನಲ್ಲ; ದಂಡಾಳಾಗಿ ಮೇಲೆ ಬಂದು, ಅಂತಃಕಲಹದಲ್ಲಿ ಗೆದ್ದು, ಸಮಾರ್ಯ ಎಂಬ ಹೊಸ ರಾಜಧಾನಿಯನ್ನು ಗುಡ್ಡದ ಮೇಲೆ ಕಟ್ಟಿದವನು. ಇಂಥ ಹೊಸ ಮನೆತನಕ್ಕೆ ಹಳೆಯ ಮನೆತನಗಳ ಬೀಗತನ ಬೇಕಾಗುತ್ತದೆ. ಪಶ್ಚಿಮಕ್ಕೆ ಸಮುದ್ರದಂಡೆಯ ಫೆನಿಷಿಯರ ಬಳಿ ಬಂದರುಗಳಿದ್ದವು, ಹಡಗುಗಳಿದ್ದವು, ದಂತದ ಕೆತ್ತನೆಯ ಕಸುಬುದಾರರಿದ್ದರು. ಇಸ್ರಾಯೇಲಿನ ಬಯಲಿನಲ್ಲಿ ಗೋದಿ, ಎಣ್ಣೆ, ದ್ರಾಕ್ಷಾರಸ ಇದ್ದವು. ಈಜೆಬೆಲಳ ತಂದೆ ಎತ್ಬಾಳನನ್ನು ಸತ್ಯವೇದ ಚೀದೋನ್ಯರ, ಅಂದರೆ ಫೆನಿಷಿಯರ, ಅರಸನೆಂದು ಕರೆಯುತ್ತದೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಉಳಿಸಿಕೊಟ್ಟಿರುವ ತೂರ್ ಪಟ್ಟಣದ ಅರಸರ ಪಟ್ಟಿಯಲ್ಲಿ ಅವನು ಅಷ್ಟಾರ್ಟೆ ದೇವತೆಯ ಪೂಜಾರಿಯಾಗಿದ್ದು, ಹಿಂದಿನ ಅರಸನನ್ನು ಕೊಂದು ಪಟ್ಟವೇರಿ 32 ವರ್ಷ ಆಳಿದವನು. ಅಂದರೆ ಆಕೆ ಪೂಜಾರಿಯ ಮಗಳು, ಅರಸನ ಮಗಳು ಎರಡೂ ಆಗಿದ್ದಳು. ದೇವರ ಕೆಲಸ ಬೇರೆ, ಅರಮನೆಯ ಕೆಲಸ ಬೇರೆ ಎಂಬ ವಿಂಗಡಣೆ ಅವಳು ಬೆಳೆದ ಮನೆಯಲ್ಲಿಯೇ ಇರಲಿಲ್ಲ.

ಕೀರ್ತನೆ 45 ಒಂದು ರಾಜವಿವಾಹದ ಹಾಡು. ಅದರ ಶಿರೋನಾಮದಲ್ಲಿಯೇ ಪ್ರೇಮಗೀತೆ ಎಂದಿದೆ. ಅದರಲ್ಲಿ ದಂತದ ಅರಮನೆಗಳು ಬರುತ್ತವೆ, ಕಾಣಿಕೆ ತರುವ ತೂರ್ ಪಟ್ಟಣದ ಕುವರಿ ಬರುತ್ತಾಳೆ. ಅಹಾಬನು ದಂತದ ಮನೆ ಕಟ್ಟಿಸಿದನೆಂದು 1 ಅರಸುಗಳು 22 ಹೇಳುವುದರಿಂದಲೂ, 1930ರ ದಶಕದಲ್ಲಿ ಸಮಾರ್ಯದ ಉತ್ಖನನದಲ್ಲಿ ಫೆನಿಷಿಯ ಶೈಲಿಯ ದಂತದ ಕೆತ್ತನೆಗಳು ರಾಶಿಯಾಗಿ ಸಿಕ್ಕಿದ್ದರಿಂದಲೂ, ಇದು ಅಹಾಬ ಮತ್ತು ಈಜೆಬೆಲಳ ಮದುವೆಯಲ್ಲಿ ಹಾಡಿದ ಹಾಡಿರಬಹುದೇ ಎಂದು ಕೆಲವು ವಿದ್ವಾಂಸರು ಕೇಳಿದ್ದಾರೆ. ಇದಕ್ಕೆ ಪುರಾವೆಯಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಆದರೆ ಅದರ 10ನೆಯ ವಚನ ಪರದೇಶದಿಂದ ಬಂದ ಮದುಮಗಳಿಗೆ ಹೇಳುವ ಬುದ್ಧಿಮಾತನ್ನು ಗಮನಿಸಿ: ನಿನ್ನ ಜನರನ್ನು ಮರೆ, ತವರುಮನೆಯನ್ನು ಮರೆ. ಆ ಕಾಲದ ರಾಜವಿವಾಹಗಳ ನಿರೀಕ್ಷೆ ಅದೇ ಆಗಿತ್ತು. ಈಜೆಬೆಲಳು ಮರೆಯಲಿಲ್ಲ. ತವರಿನ ದೇವರನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಬಂದ ಸೊಸೆಯಂತೆ ಒಳಗೊಳಗೆ ಪೂಜೆ ಮಾಡಿದ್ದರೆ ಬಹುಶಃ ಯಾರೂ ಚಕಾರ ಎತ್ತುತ್ತಿರಲಿಲ್ಲ. ಸೊಲೊಮೋನನ ಅನೇಕ ಹೆಂಡತಿಯರು ತವರಿನ ದೇವರುಗಳನ್ನು ಪೂಜಿಸಿದರು, ಅವರಲ್ಲಿ ಒಬ್ಬಳ ಹೆಸರೂ ಬಯ್ಗುಳವಾಗಿ ಉಳಿದಿಲ್ಲ. ಇವಳಾದರೋ ಗಂಡನ ಊರಿನ ದೇವರ ಪ್ರವಾದಿಗಳನ್ನೇ ಕೊಲ್ಲಿಸಲು ಹೊರಟಳು. ಅರಮನೆಯ ಮೇಲ್ವಿಚಾರಕ ಓಬದ್ಯನು ನೂರು ಮಂದಿಯನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿಟ್ಟು ಅನ್ನನೀರು ಕೊಟ್ಟು ಉಳಿಸಬೇಕಾಯಿತು.

ಪ್ರೀತಿಯ ಮಾತಿಗೆ ಬರೋಣ. ಹೀಬ್ರೂ ಕಥನಗಳು ಪ್ರೀತಿ ಎಂಬ ಕ್ರಿಯಾಪದವನ್ನು ಕೈ ಬಿಗಿಹಿಡಿದು ಬಳಸುತ್ತವೆ. ಇಸಾಕನು ರೆಬೆಕ್ಕಳನ್ನು ಪ್ರೀತಿಸಿದನು, ಯಾಕೋಬನು ರಾಹೇಲಳನ್ನು, ಸಂಸೋನನು ದೆಲೀಲಳನ್ನು. ಸೌಲನ ಮಗಳು ಮೀಕಲಳು ದಾವೀದನನ್ನು ಪ್ರೀತಿಸಿದಳು. ಅಹಾಬ ಮತ್ತು ಈಜೆಬೆಲಳ ವಿಷಯದಲ್ಲಿ ಆ ಕ್ರಿಯಾಪದ ಒಮ್ಮೆಯೂ ಬರುವುದಿಲ್ಲ. (ಅಹಾಬ್ ಎಂಬ ಹೆಸರು ಪ್ರೀತಿ ಎಂಬುದರ ಹೀಬ್ರೂ ಪದದಂತೆ ಕಿವಿಗೆ ಕೇಳಿಸುತ್ತದೆ ನಿಜ, ಆದರೆ ಅಕ್ಷರ ಬೇರೆ, ಅರ್ಥವೂ ಬೇರೆ, ಅದು ತಂದೆಯ ಸಹೋದರ ಎಂಬುದರಿಂದ ಬಂದದ್ದು.) ಆದ್ದರಿಂದ ಪ್ರೀತಿ ಇತ್ತೆಂದು ವಚನ ಎತ್ತಿ ತೋರಿಸಲು ನನ್ನಿಂದಾಗದು. ನಾನು ತೋರಿಸಬಲ್ಲದ್ದು ಇಷ್ಟು: ಅರಸುಗಳು ಗ್ರಂಥದಲ್ಲಿ ಗಂಡಹೆಂಡಿರು ಒಂದು ಕೋಣೆಯಲ್ಲಿ ಕುಳಿತು ಮನಸ್ಸು ಬಿಚ್ಚಿ ಮಾತಾಡುವುದು ಬಹಳ ಅಪರೂಪ, ಅಂಥ ದೃಶ್ಯಗಳಲ್ಲಿ ಅತ್ಯಂತ ಆಪ್ತವಾದದ್ದು ಈ ದಂಪತಿಗಳದ್ದು. ಅದು 1 ಅರಸುಗಳು 21.

ಇಜ್ರೇಲಿನಲ್ಲಿ ಅರಮನೆಗೆ ಒತ್ತಿಕೊಂಡಂತೆ ನಾಬೋತನೆಂಬವನ ದ್ರಾಕ್ಷಿತೋಟವಿತ್ತು. ಅಹಾಬನು ಅದನ್ನು ಕಿತ್ತು ಕಾಯಿಪಲ್ಯದ ತೋಟ ಮಾಡಬೇಕೆಂದು ಆಸೆಪಟ್ಟು, "ಅದಕ್ಕಿಂತ ಉತ್ತಮವಾದ ದ್ರಾಕ್ಷಿತೋಟವನ್ನು ಕೊಡುತ್ತೇನೆ, ಬೇಕಿದ್ದರೆ ಅದರ ಕ್ರಯವನ್ನು ಹಣವಾಗಿ ಕೊಡುತ್ತೇನೆ" ಎಂದು ಕೇಳುತ್ತಾನೆ. ಅರಸನ ಬಾಯಿಂದ ಬಂದ ಈ ಮಾತಿನಲ್ಲಿ ಅನ್ಯಾಯವೇನೂ ಇಲ್ಲ. ನಾಬೋತನು, "ನನ್ನ ಪಿತ್ರಾರ್ಜಿತ ಸ್ವತ್ತನ್ನು ನಿನಗೆ ಕೊಡುವುದು ಯೆಹೋವನಾಣೆ ನನ್ನಿಂದ ದೂರವಿರಲಿ" ಎನ್ನುತ್ತಾನೆ. ಯಾಜಕಕಾಂಡ 25ರ ಪ್ರಕಾರ ಭೂಮಿ ಯೆಹೋವನದು, ಕುಟುಂಬ ಅದನ್ನು ಶಾಶ್ವತವಾಗಿ ಮಾರುವಂತಿಲ್ಲ. ಊರಿನ ಹಿರಿಯರ ಮುಂದೆ ಇಟ್ಟರೂ ನಿಲ್ಲುವಂಥ ಮಾತು ಅದು. ಅಹಾಬನು ಇಸ್ರಾಯೇಲ್ಯನೇ ಆದ್ದರಿಂದ ಅವನಿಗೆ ಆ ಮಾತಿನ ತೂಕ ಗೊತ್ತು. ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬರುತ್ತಾನೆ, ಹಾಸಿಗೆಯ ಮೇಲೆ ಬೀಳುತ್ತಾನೆ, ಗೋಡೆಯ ಕಡೆ ತಿರುಗಿದ ಮಗುವಿನಂತೆ ಮುಖ ತಿರುವಿಕೊಂಡು ಊಟ ಬಿಡುತ್ತಾನೆ. ಅವನ ಮನಸ್ಸಿನಲ್ಲಿ ಆಗ ತಿರುಗುತ್ತಿದ್ದ ಮಾತನ್ನು ಗ್ರಂಥ ಸರಿಯಾಗಿಯೇ ಬರೆದಿದೆ: ಪಿತ್ರಾರ್ಜಿತವನ್ನು ಕೊಡುವುದಿಲ್ಲ.

ಈಜೆಬೆಲಳು ಒಳಗೆ ಬರುತ್ತಾಳೆ. ಊಟ ಬಿಟ್ಟದ್ದನ್ನು ಗಮನಿಸಿ, ಇಷ್ಟು ಬೇಸರ ಯಾಕೆ ಎಂದು ಕೇಳುತ್ತಾಳೆ. ಅಹಾಬನು ನಡೆದದ್ದನ್ನು ಹೇಳುತ್ತಾನೆ, ಆದರೆ ಹೇಳುವಾಗ ಮಾತು ಬದಲಾಗುತ್ತದೆ. ಮೊದಲು ಹಣ ಕೊಡುತ್ತೇನೆಂದೆ, ಬೇಡವಾದರೆ ಬದಲಿ ತೋಟ ಕೊಡುತ್ತೇನೆಂದೆ ಎನ್ನುತ್ತಾನೆ. ಇಲ್ಲಿ ಕ್ರಮ ತಲೆಕೆಳಗಾಗಿದೆ, ಅದಕ್ಕಿಂತ ಉತ್ತಮವಾದ ಎಂಬ ಪದ ಬಿದ್ದುಹೋಗಿದೆ. ನಾಬೋತನು ಉತ್ತರವಾಗಿ "ನನ್ನ ದ್ರಾಕ್ಷಿತೋಟವನ್ನು ಕೊಡುವುದಿಲ್ಲ" ಅಂದನು ಎನ್ನುತ್ತಾನೆ. ಇಲ್ಲಿ ಯೆಹೋವನ ಹೆಸರೂ ಪಿತೃಗಳ ಸ್ವತ್ತೆಂಬ ಮಾತೂ ಎರಡೂ ಮಾಯವಾಗಿವೆ. ನಾಲ್ಕನೆಯ ವಚನದಲ್ಲಿ ಅವನ ತಲೆಯಲ್ಲಿದ್ದ ಮಾತು ಆರನೆಯ ವಚನದಲ್ಲಿ ಅವನ ನಾಲಗೆಯ ಮೇಲಿಲ್ಲ. ತರಗತಿಯಲ್ಲಿ ಈ ಭಾಗವನ್ನು ಕಲಿಸುವಾಗ ಎರಡು ವಚನಗಳನ್ನು ಅಕ್ಕಪಕ್ಕ ಬರೆಸುತ್ತೇನೆ. ನೋಡಿದ ಕೂಡಲೆ ವಿದ್ಯಾರ್ಥಿಗಳ ಸಿಟ್ಟು ಹೆಂಡತಿಯಿಂದ ಗಂಡನ ಕಡೆಗೆ ಸ್ವಲ್ಪ ಸರಿಯುತ್ತದೆ. ಫೆನಿಷಿಯದ ಅರಮನೆಯಲ್ಲಿ ಬೆಳೆದ ಹೆಂಡತಿಗೆ ಅವನು ಕೊಟ್ಟದ್ದು ಒಬ್ಬ ಹಟಮಾರಿ ಪ್ರಜೆಯ ಕಥೆ, ದೇವರ ಕಟ್ಟಳೆಯ ಕಥೆಯಲ್ಲ. ಮರೆಮಾಚಿ ಹೇಳಿದನೋ, ಅವಳಿಗೆ ಅರ್ಥವಾಗದೆಂದು ಬಿಟ್ಟನೋ, ಅಥವಾ ಹೀಗೆ ಹೇಳಿದರೆ ಅವಳು ಏನಾದರೂ ಮಾಡುತ್ತಾಳೆಂದು ತಿಳಿದೇ ಹೇಳಿದನೋ, ಗ್ರಂಥ ತೀರ್ಪು ಕೊಡುವುದಿಲ್ಲ. ಮೂರನೆಯದೇ ಸರಿಯೆಂದು ನನ್ನ ಊಹೆ. ಬಹುಕಾಲ ಕೂಡಿ ಬಾಳಿದ ಗಂಡನಿಗೆ ಯಾವ ಮಾತಿಗೆ ಹೆಂಡತಿ ಎದ್ದು ನಿಲ್ಲುತ್ತಾಳೆಂದು ಗೊತ್ತಿರುತ್ತದೆ.

ಅವಳು ಎದ್ದು ನಿಲ್ಲುತ್ತಾಳೆ. "ಇಸ್ರಾಯೇಲಿನ ಅರಸುತನ ಮಾಡುವವನು ನೀನೇ ತಾನೇ? ಏಳು, ಊಟ ಮಾಡು, ಮನಸ್ಸು ಹಗುರ ಮಾಡಿಕೋ. ಆ ತೋಟವನ್ನು ನಿನಗೆ ನಾನು ಕೊಡುತ್ತೇನೆ." ಈ ಮಾತಿನಲ್ಲಿ ಚುಚ್ಚು ಇದೆ, ಲಾಲನೆ ಇದೆ, ಹೆಮ್ಮೆಯೂ ಇದೆ. ಹೀಬ್ರೂವಿನಲ್ಲಿ 'ನಾನು' ಎಂಬುದು ಒತ್ತಿ ಬರುತ್ತದೆ. ಬಳಿಕ ಅಹಾಬನ ಹೆಸರಿನಲ್ಲಿ ಪತ್ರ ಬರೆದು, ಅಹಾಬನ ಮುದ್ರೆಯೊತ್ತಿ, ಇಜ್ರೇಲಿನ ಹಿರಿಯರಿಗೆ ಕಳಿಸುತ್ತಾಳೆ: ಉಪವಾಸ ಸಾರಿಸಿ, ನಾಬೋತನನ್ನು ಜನರೆದುರು ಕೂರಿಸಿ, ಎದುರಿಗೆ ಇಬ್ಬರು ಪುಂಡರನ್ನು ಕೂರಿಸಿ ಇವನು ದೇವರನ್ನೂ ಅರಸನನ್ನೂ ದೂಷಿಸಿದನೆಂದು ಸಾಕ್ಷಿ ಹೇಳಿಸಿ, ಹೊರಗೆ ಒಯ್ದು ಕಲ್ಲೆಸೆದು ಕೊಲ್ಲಿರಿ. ಇಬ್ಬರು ಸಾಕ್ಷಿಗಳು ಬೇಕೆಂಬ ಇಸ್ರಾಯೇಲಿನ ಕಾನೂನು ಅವಳಿಗೆ ಚೆನ್ನಾಗಿ ಗೊತ್ತಿತ್ತು ಎಂಬುದು ಇಲ್ಲಿ ಬೆನ್ನು ನಡುಗಿಸುವ ಸಂಗತಿ. ಹಿರಿಯರು ಚಾಚೂ ತಪ್ಪದೆ ಹಾಗೆಯೇ ಮಾಡುತ್ತಾರೆ; ಆ ಊರಿನಲ್ಲಿ ಒಬ್ಬನಾದರೂ ಬಾಯಿ ತೆರೆದನೆಂದು ಬರೆದಿಲ್ಲ. ನಾಬೋತನ ಮಕ್ಕಳ ರಕ್ತವೂ ಚೆಲ್ಲಿತೆಂದು 2 ಅರಸುಗಳು 9ರಿಂದ ತಿಳಿಯುತ್ತದೆ, ಅಂದರೆ ತೋಟಕ್ಕೆ ಹಕ್ಕುದಾರರೂ ಉಳಿಯಲಿಲ್ಲ. ಅವಳು ಗಂಡನ ಬಳಿ ಬಂದು, ಏಳು, ತೋಟವನ್ನು ಸ್ವಾಧೀನ ಮಾಡಿಕೋ, ನಾಬೋತನು ಬದುಕಿಲ್ಲ, ಸತ್ತನು ಎನ್ನುತ್ತಾಳೆ. ಹೇಗೆ ಸತ್ತನೆಂದು ಅಹಾಬನು ಕೇಳುವುದಿಲ್ಲ. ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಮಾತ್ರ, ಸುದ್ದಿ ಕೇಳಿ ಅವನು ಬಟ್ಟೆ ಹರಿದುಕೊಂಡು ಗೋಣಿತಟ್ಟು ಉಟ್ಟನೆಂದೂ, ಆಮೇಲೆ ತೋಟಕ್ಕೆ ಇಳಿದುಹೋದನೆಂದೂ ಸೇರಿಸುತ್ತದೆ. ದುಃಖಪಟ್ಟರೂ ತೋಟವನ್ನು ಬಿಡಲಿಲ್ಲ ಎಂಬ ಆ ಚಿತ್ರ ನನಗೆ ಹೀಬ್ರೂ ಪಾಠಕ್ಕಿಂತ ಹೆಚ್ಚು ಭಯಂಕರವಾಗಿ ಕಾಣುತ್ತದೆ.

ಈ ಪ್ರಕರಣದಲ್ಲಿ ಹೆಂಡತಿಯಾಗಿ ಅವಳ ನಿಷ್ಠೆಯಲ್ಲಿ ಎಲ್ಲಿ ಕೊರತೆಯಿದೆ? ತನಗಾಗಿ ಅವಳು ಏನನ್ನೂ ಕೇಳಲಿಲ್ಲ. ತೋಟ ಅವಳಿಗೆ ಬೇಕಾಗಿರಲಿಲ್ಲ, ಬೇಕಾಗಿದ್ದದ್ದು ಗಂಡ ಎದ್ದು ಊಟ ಮಾಡುವುದು. ಇದರ ಪಕ್ಕದಲ್ಲಿ 2 ಸಮುವೇಲ 11ನ್ನು ಇಟ್ಟು ನೋಡಿ. ಅಲ್ಲಿಯೂ ಒಂದು ಕೊಲೆಯ ಪತ್ರವಿದೆ; ದಾವೀದನು ಬರೆದು, ಕೊಲ್ಲಬೇಕಾದ ಊರೀಯನ ಕೈಯಲ್ಲಿಯೇ ಕೊಟ್ಟು ಕಳಿಸಿದ್ದು, ಅವನ ಹೆಂಡತಿ ಬತ್ಷೆಬೆಯನ್ನು ತನ್ನವಳಾಗಿ ಮಾಡಿಕೊಳ್ಳುವುದಕ್ಕೆ. ವ್ಯಭಿಚಾರದಿಂದಲೇ ಆರಂಭವಾದ ಆ ಮದುವೆಯನ್ನು ಸತ್ಯವೇದ ಖಂಡಿಸುತ್ತದೆ, ಆದರೂ ದಾವೀದ ಎಂಬ ಹೆಸರನ್ನು ನಾವು ಮಕ್ಕಳಿಗೆ ಇಡುತ್ತೇವೆ. ದಾಂಪತ್ಯದ್ರೋಹಕ್ಕೆ ಉದಾಹರಣೆ ಬೇಕೆಂದು ಪ್ರಸಂಗ ಮಾಡುವವರು ಹುಡುಕುವುದಾದರೆ ಅದು ಯೆರೂಸಲೇಮಿನ ಮಾಳಿಗೆಯ ಮೇಲೆ ಸಿಗುತ್ತದೆ, ಸಮಾರ್ಯದಲ್ಲಿ ಅಲ್ಲ.

ಹಾಗಾದರೆ ಗ್ರಂಥ ಅವಳ ಮೇಲೆ ಹೊರಿಸುವ ಮುಖ್ಯ ಆರೋಪ ಯಾವುದು? 21ನೆಯ ಅಧ್ಯಾಯದ 25ನೆಯ ವಚನ: ಅಹಾಬನಂತೆ ಕೆಟ್ಟತನಕ್ಕೆ ತನ್ನನ್ನು ಮಾರಿಕೊಂಡವನು ಮತ್ತೊಬ್ಬನಿಲ್ಲ, ಅವನ ಹೆಂಡತಿ ಈಜೆಬೆಲಳು ಅವನನ್ನು ಪ್ರೇರೇಪಿಸಿದಳು. ಪ್ರೇರೇಪಿಸು ಎಂಬಲ್ಲಿರುವ ಹೀಬ್ರೂ ಕ್ರಿಯಾಪದವೇ ಧರ್ಮೋಪದೇಶಕಾಂಡ 13ರಲ್ಲಿ ಬರುತ್ತದೆ. ನಿನ್ನ ಸಹೋದರನಾಗಲಿ, ಮಗನಾಗಲಿ, ಮಗಳಾಗಲಿ, ನಿನ್ನ ಎದೆಗೊರಗಿದ ಹೆಂಡತಿಯಾಗಲಿ, ಪ್ರಾಣದಂತಿರುವ ಗೆಳೆಯನಾಗಲಿ ಬೇರೆ ದೇವರುಗಳನ್ನು ಸೇವಿಸೋಣವೆಂದು ಗುಟ್ಟಾಗಿ ಪ್ರೇರೇಪಿಸಿದರೆ ಒಪ್ಪಬಾರದು ಎಂದು ಆ ಕಟ್ಟಳೆ ಹೇಳುತ್ತದೆ. ಅಪರಿಚಿತರ ಬಗ್ಗೆ ಅಲ್ಲಿ ಎಚ್ಚರಿಕೆಯಿಲ್ಲ. ಆ ಪಟ್ಟಿಯಲ್ಲಿರುವವರೆಲ್ಲ ಪ್ರೀತಿಪಾತ್ರರೇ. ಯಾರ ಮಾತಿಗೆ ಮನಸ್ಸು ಕರಗುತ್ತದೋ ಅವರಿಂದಲೇ ಅಪಾಯ ಎಂಬುದು ಆ ಕಟ್ಟಳೆಯ ತಿಳಿವಳಿಕೆ. ಅದೇ ಕ್ರಿಯಾಪದವನ್ನು ಈಜೆಬೆಲಳಿಗೆ ಹಚ್ಚಿದವರು ಒಂದು ವಿಷಯವನ್ನು ಒಪ್ಪಿಕೊಂಡೇ ಹಚ್ಚಿದ್ದಾರೆ: ಅವಳು ಅಹಾಬನಿಗೆ ಎದೆಗೊರಗಿದ ಹೆಂಡತಿ, ಅವಳ ಮಾತು ಅವನಲ್ಲಿ ನಡೆಯುತ್ತಿತ್ತು. ಅವರ ನಡುವೆ ಬಿರುಕಿದ್ದಿದ್ದರೆ ಈ ಆರೋಪವೇ ಹುಟ್ಟುತ್ತಿರಲಿಲ್ಲ. ನಿಮ್ಮ ಪ್ರಶ್ನೆಗೆ ನಾನು ಕೊಡಬಲ್ಲ ಅತಿ ಗಟ್ಟಿಯಾದ ಉತ್ತರ ಇದೇ: ಪ್ರೀತಿ ಎಂಬ ಪದ ಇಲ್ಲ, ಆದರೆ ಶತ್ರುಗಳು ಬರೆದ ದೋಷಾರೋಪಣೆ ಅದನ್ನು ಅಡಿಪಾಯವಾಗಿಟ್ಟುಕೊಂಡೇ ನಿಂತಿದೆ.

ಅಹಾಬನ ಕಡೆಯಿಂದ ನೋಡಿದರೆ ಚಿತ್ರ ಸ್ವಲ್ಪ ಮಸುಕು. ಅವನಿಗೆ ಬೇರೆ ಹೆಂಡತಿಯರಿದ್ದರು. ಅರಾಮ್ಯರ ಅರಸ ಬೆನ್ಹದದನು ನಿನ್ನ ಹೆಂಡತಿಯರನ್ನೂ ಮಕ್ಕಳನ್ನೂ ಒಪ್ಪಿಸು ಎಂದು ಕೇಳುತ್ತಾನೆ, ಸಮಾರ್ಯದಲ್ಲಿ ಅವನಿಗೆ 70 ಮಂದಿ ಗಂಡುಮಕ್ಕಳಿದ್ದರೆಂದೂ ಬರೆದಿದೆ. ಆದರೂ ಹೆಸರು ಉಳಿದದ್ದು ಒಬ್ಬಳದೇ. ಅವಳಿಗಾಗಿ ಸಮಾರ್ಯದಲ್ಲಿ ಬಾಳನ ಗುಡಿ ಕಟ್ಟಿಸಿದನು. ಹಾಗೆಂದು ಯೆಹೋವನನ್ನು ಬಿಟ್ಟನೇ ಎಂದರೆ ಅದೂ ಇಲ್ಲ: ಮಕ್ಕಳ ಹೆಸರುಗಳನ್ನು ನೋಡಿ, ಅಹಜ್ಯ, ಯೆಹೋರಾಮ, ಮಗಳು ಅತಲ್ಯ, ಮೂರರಲ್ಲಿಯೂ ಯೆಹೋವನ ನಾಮದ ತುಣುಕು ಅಡಗಿದೆ, ಒಂದರಲ್ಲಿಯೂ ಬಾಳನಿಲ್ಲ. ಬಾಳನ ಪರವಾಗಿ ಕತ್ತಿ ಹಿರಿದ ತಾಯಿ ತನ್ನ ಮಗನನ್ನು 'ಯೆಹೋವನು ಉನ್ನತನು' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದಳು ಎಂಬುದು ವಿಚಿತ್ರವಾಗಿ ಕಂಡರೂ ನಿಜ. ಆ ಮನೆಯೊಳಗೆ ಎಂಥದೋ ಒಂದು ಹೊಂದಾಣಿಕೆ ನಡೆದಿತ್ತು. ಎರಡು ದೋಣಿಗಳಲ್ಲಿ ಕಾಲಿಟ್ಟವನು ಅಹಾಬ. ಕರ್ಮೆಲ್ ಬೆಟ್ಟದ ಮೇಲೆ ಎಲೀಯನು ಬಾಳನ ಪ್ರವಾದಿಗಳನ್ನು ಕೊಂದಾಗ ಅವನು ತಡೆಯಲಿಲ್ಲ, ಆದರೆ ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದನು. ಮುಂದಿನ ಕೆಲಸ ಅವಳದು. ಎಲೀಯನಿಗೆ ಅವಳು ಕಳಿಸಿದ ಬೆದರಿಕೆಯ ಮೊದಲಲ್ಲಿ ಸೆಪ್ಟುವಜಿಂಟ್ ಒಂದು ಸಾಲನ್ನು ಉಳಿಸಿಕೊಂಡಿದೆ: ನೀನು ಎಲೀಯನಾದರೆ ನಾನು ಈಜೆಬೆಲ್.

ಕ್ರಿ.ಪೂ. 853ರ ಸುಮಾರಿಗೆ ಅಹಾಬನು ರಾಮೋತ್ ಗಿಲ್ಯಾದಿನ ಯುದ್ಧದಲ್ಲಿ ಗುರಿಯಿಲ್ಲದೆ ಬಂದ ಬಾಣ ತಗುಲಿ, ಸಾಯಂಕಾಲದವರೆಗೂ ರಥದಲ್ಲಿ ಒರಗಿ ನಿಂತೇ ಸತ್ತನು. ಈಜೆಬೆಲಳು ಆಮೇಲೆ ಸುಮಾರು ಹನ್ನೆರಡು ವರ್ಷ ರಾಜಮಾತೆಯಾಗಿ ಬಾಳಿದಳು, ತವರಿಗೆ ಮರಳಲಿಲ್ಲ. ಯೇಹು ಅವಳ ಮಗನನ್ನು ಕೊಂದು, ಶವವನ್ನು ನಾಬೋತನ ಹೊಲದಲ್ಲಿಯೇ ಎಸೆಯಿಸಿ, ಊರೊಳಗೆ ಬರುವಾಗ ಅವಳು ಕಾಡಿಗೆ ಹಚ್ಚಿ ತಲೆ ಬಾಚಿಕೊಂಡು ಕಿಟಕಿಯಲ್ಲಿ ನಿಲ್ಲುತ್ತಾಳೆ. ಯೇಹುವನ್ನು ಮರುಳುಮಾಡಲು ಹೀಗೆ ಸಿಂಗರಿಸಿಕೊಂಡಳೆಂದು ಹೇಳುವವರು ಅವಳ ಮುಂದಿನ ಮಾತನ್ನು ಓದಿಲ್ಲ. "ಶುಭವೇ, ಜಿಮ್ರಿಯೇ, ಒಡೆಯನನ್ನು ಕೊಂದವನೇ?" ಎನ್ನುತ್ತಾಳೆ. ಜಿಮ್ರಿ ಯಾರು? ತನ್ನ ಅರಸನನ್ನು ಕೊಂದು ಏಳೇ ದಿನ ಆಳಿ, ಒಮ್ರಿಯ ದಂಡು ಮುತ್ತಿದಾಗ ತಿರ್ಚದ ಅರಮನೆಗೆ ಬೆಂಕಿಯಿಟ್ಟುಕೊಂಡು ಸತ್ತವನು. ಒಮ್ರಿ ಅವಳ ಮಾವ. ಗಂಡ ಸತ್ತಿದ್ದಾನೆ, ಅರಸರಾದ ಇಬ್ಬರು ಗಂಡುಮಕ್ಕಳೂ ಸತ್ತಿದ್ದಾರೆ, ತನ್ನ ಸಾವು ಬಾಗಿಲಲ್ಲಿದೆ. ಆ ಹೊತ್ತಿನಲ್ಲಿ ಅವಳ ಬಾಯಿಗೆ ಬಂದದ್ದು ತಂದೆಯ ಮನೆತನದ ಮಾತಲ್ಲ, ಗಂಡನ ಮನೆತನದ ಚರಿತ್ರೆ. ನಿನಗೂ ಏಳು ದಿನವೇ ಎಂದು ಹೇಳಿದಂತೆ. (ಯೇಹು 28 ವರ್ಷ ಆಳಿದನು, ಅದು ಬೇರೆ ಮಾತು.)

ಅವಳನ್ನು ಕಿಟಕಿಯಿಂದ ಕೆಳಗೆ ನೂಕಿದವರು ಅವಳದೇ ಕಂಚುಕಿಗಳು. ಯೇಹು ಒಳಗೆ ಹೋಗಿ ಉಂಡು ಕುಡಿದು, ಆ ಶಾಪಗ್ರಸ್ತಳನ್ನು ಹೂಣಿಡಿರಿ, ಅವಳು ರಾಜಪುತ್ರಿಯಲ್ಲವೇ ಎನ್ನುತ್ತಾನೆ. ಮೂವತ್ತು ವರ್ಷ ಇಸ್ರಾಯೇಲಿನಲ್ಲಿ ರಾಣಿಯೂ ರಾಜಮಾತೆಯೂ ಆಗಿದ್ದವಳನ್ನು ಅವನು ಅಹಾಬನ ಹೆಂಡತಿ ಎನ್ನಲಿಲ್ಲ, ಮತ್ತೆ ಚೀದೋನಿನವರ ಮಗಳನ್ನಾಗಿ ಮಾಡಿಬಿಟ್ಟನು. ಹೋಗಿ ನೋಡಿದರೆ ನಾಯಿಗಳು ತಿಂದು ಉಳಿದದ್ದು ತಲೆಬುರುಡೆ, ಪಾದಗಳು, ಅಂಗೈಗಳು ಮಾತ್ರ.

ಯೆಹೂದಿ ಧರ್ಮಗುರುಗಳಾದ ರಬ್ಬಿಗಳಿಗೂ ಅವಳ ಮೇಲೆ ಮಮತೆಯಿರಲಿಲ್ಲ. ಅಹಾಬನು ತಣ್ಣನೆಯ ಸ್ವಭಾವದವನಾದ್ದರಿಂದ ಅವನಲ್ಲಿ ಬಿಸಿ ಹುಟ್ಟಿಸಲು ಅವಳು ರಥದ ಮೇಲೆ ಇಬ್ಬರು ವೇಶ್ಯೆಯರ ಚಿತ್ರ ಬರೆಯಿಸಿದಳೆಂದು ಅವರ ಧರ್ಮಗ್ರಂಥವಾದ ತಾಲ್ಮೂದಿನಲ್ಲಿ ಒಂದು ಮಾತಿದೆ. ಅಂಥ ಕಥೆಯಲ್ಲಿ ಕೂಡ ಅವಳ ಚಿಂತೆ ತನ್ನ ಗಂಡನದೇ. ಆದರೆ ಆ ಮೂರು ಅವಯವಗಳು ಮಾತ್ರ ಯಾಕೆ ಉಳಿದವು ಎಂಬ ಪ್ರಶ್ನೆ ಅವರನ್ನು ಕಾಡಿತು. ಪಿರ್ಕೆ ದೆ ರಬ್ಬಿ ಎಲಿಯೆಜರ್ ಎಂಬ ಮಧ್ಯಯುಗದ ಗ್ರಂಥ ಹೀಗೆ ಉತ್ತರಿಸುತ್ತದೆ: ಈಜೆಬೆಲಳ ಮನೆ ಪೇಟೆಬೀದಿಯ ಪಕ್ಕದಲ್ಲಿತ್ತು. ಹೆಣದ ಮೆರವಣಿಗೆ ಹೋದಾಗ ಅವಳು ಹೊರಗೆ ಬಂದು ಕೈ ಬಡಿದುಕೊಂಡು, ಬಾಯಲ್ಲಿ ಗೋಳಿಡುತ್ತ, ಹತ್ತು ಹೆಜ್ಜೆ ಜೊತೆಯಲ್ಲಿ ನಡೆಯುತ್ತಿದ್ದಳು. ಮದುಮಗನ ದಿಬ್ಬಣ ಹೋದಾಗಲೂ ಹಾಗೆಯೇ ಹೊರಗೆ ಬಂದು, ಚಪ್ಪಾಳೆ ತಟ್ಟುತ್ತ, ಹರಸುತ್ತ, ಹತ್ತು ಹೆಜ್ಜೆ ನಡೆಯುತ್ತಿದ್ದಳು. ಆದುದರಿಂದ ಆ ಕೈಗಳನ್ನೂ ಆ ಪಾದಗಳನ್ನೂ ಆ ತಲೆಯನ್ನೂ ನಾಯಿಗಳು ಮುಟ್ಟಲಿಲ್ಲ.